ಹೊಲಿಗೆ ಎಲ್ಲಿದೆ? ಪ್ಲಾಟಿಪಸ್ ಬಗ್ಗೆ ಒಂದು ಸಂಜೆಯ ಮಾತು

(ನಮ್ಮೂರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಮಾತುಕತೆಯಲ್ಲಿ ಆಡಿದ್ದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಬಾಯ್ತಪ್ಪಿ ಹೇಳಿದ್ದನ್ನು ತಿದ್ದಿದ್ದೇನೆ, ಕೆಮ್ಮಿದ್ದನ್ನು ಬಿಟ್ಟಿದ್ದೇನೆ.)

ಮೊದಲು ಈ ನಾಣ್ಯ ನೋಡಿ. ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಕೊನೆಗೆ ನನ್ನ ಹತ್ತಿರ ವಾಪಸ್ ಬರಬೇಕು, ಇರುವುದು ಒಂದೇ. ಇದು ಆಸ್ಟ್ರೇಲಿಯಾದ 20 ಸೆಂಟ್. 1966ರಲ್ಲಿ ಆ ದೇಶದವರು ಪೌಂಡು, ಶಿಲಿಂಗು ಬಿಟ್ಟು ಡಾಲರಿಗೆ ಬಂದರು. ಆಗಿನಿಂದ ಇದರ ಒಂದು ಬದಿಗೆ ನೀರಲ್ಲಿ ಮುಳುಗಿ ಈಜುವ ಪ್ಲಾಟಿಪಸ್ ಇದೆ. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್‌ನ ಮೂರು ಗೊಂಬೆಗಳಲ್ಲೂ ಒಂದು ಇದೇ ಆಗಿತ್ತು. ಅಲ್ಲಿಯವರ ಜೇಬಿನಲ್ಲೇ ಓಡಾಡುವ ಪ್ರಾಣಿ ಇದು. ಆದರೆ ನಿಜವಾದದ್ದನ್ನು ನದಿಯಲ್ಲಿ ನೋಡಿದವರು ಅಲ್ಲೂ ಕಡಿಮೆಯೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಮೊಟ್ಟೆ ಇಡುವ ಸಸ್ತನಿ ಯಾವುದು ಅಂತ ಎಷ್ಟು ಮಕ್ಕಳಿಗೆ ಕೇಳಿದ್ದೇನೋ ಲೆಕ್ಕವಿಲ್ಲ. ಪ್ಲಾಟಿಪಸ್ ಅಂತ ಉತ್ತರ, ಒಂದು ಮಾರ್ಕು, ಮುಂದಿನ ಪ್ರಶ್ನೆ. ಹೆಚ್ಚು ಕೇಳಿದರೆ ಬೋರ್ಡಿನ ಮೇಲೆ ಬರೆದು ಕೊಡುತ್ತಿದ್ದೆ: ಬಾತುಕೋಳಿಯ ಕೊಕ್ಕು, ಬೀವರ್‌ನ ಬಾಲ, ನೀರುನಾಯಿಯ ಕಾಲು. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಅನ್ನಿಸುತ್ತದೆ, ಆ ಮೂರೂ ತಪ್ಪು. ಅದನ್ನೇ ಇವತ್ತು ಸ್ವಲ್ಪ ಬಿಡಿಸಿ ಹೇಳೋಣ ಅಂತ ಬಂದೆ.

ಮಗಳು, ಅಳಿಯ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮ್ಯಾಕೈ ಅನ್ನುವ ಊರಲ್ಲಿದ್ದಾರೆ. ಸಮುದ್ರದ ದಂಡೆ, ಕಬ್ಬಿನ ಗದ್ದೆ. ಮಂಡ್ಯದ ಕಡೆಯವರಿಗೆ ಊರು ಬಿಟ್ಟು ಬಂದ ಹಾಗೇ ಅನ್ನಿಸುವುದಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ಹೋಗಿ ಘಾಟಿ ಹತ್ತಿದರೆ ಯುಂಗೆಲ್ಲಾ ರಾಷ್ಟ್ರೀಯ ಉದ್ಯಾನ. ಅದರೊಳಗೆ ಬ್ರೋಕನ್ ರಿವರ್ ಅನ್ನುವ ಸಣ್ಣ ನದಿ. ದಂಡೆಯ ಮೇಲೆ ನೋಡುವವರಿಗಾಗಿ ಮರದ ಅಟ್ಟಣಿಗೆ ಕಟ್ಟಿದ್ದಾರೆ. ಬೆಳಗಿನ ಜಾವ ಅಥವಾ ಸಂಜೆ ಹೋಗಬೇಕು, ಮಾತಾಡಬಾರದು.

ಮೊದಲ ದಿನ ಸಂಜೆ ಒಂದು ಗಂಟೆ ನಿಂತೆವು. ಆಮೆಗಳು ತಲೆ ಎತ್ತಿ ಎತ್ತಿ ಮೋಸ ಮಾಡಿದವು. ಮೊಮ್ಮಗಳು ಕಾಲು ನೋವು ಅಂತ ರಾಗ ತೆಗೆದಳು. ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ನೀರಿನ ಮೇಲೆ ಸಾಲಾಗಿ ಗುಳ್ಳೆ ಬಂದವು, ಆಮೇಲೆ ಒಂದು ಕಂದು ಉಂಡೆ ಮೇಲೆದ್ದಿತು. ನಾನು ಊಹಿಸಿದ್ದಕ್ಕಿಂತ ಬಹಳ ಸಣ್ಣದು. ಚಿತ್ರಗಳಲ್ಲಿ ನೋಡಿ ನೋಡಿ ನಾಯಿಯಷ್ಟು ದೊಡ್ಡದಿರಬಹುದು ಅಂದುಕೊಂಡಿದ್ದೆ. ನಿಜಕ್ಕೂ ದೊಡ್ಡ ಗಂಡು ಕೊಕ್ಕಿನ ತುದಿಯಿಂದ ಬಾಲದ ತುದಿವರೆಗೆ ಅರ್ಧ ಮೀಟರ್, ಹೆಣ್ಣು ಇನ್ನೂ ಚಿಕ್ಕದು. ತೂಕ ಒಂದು ಕಿಲೋ, ಒಂದೂವರೆ ಕಿಲೋ. ಟಾಸ್ಮೇನಿಯಾ ದ್ವೀಪದಲ್ಲಿರುವವು ಸ್ವಲ್ಪ ದಪ್ಪ, ಎರಡು ಕಿಲೋ ದಾಟುವುದೂ ಉಂಟು. ಹತ್ತು ಹದಿನೈದು ಸೆಕೆಂಡ್ ನೀರಿನ ಮೇಲೆ ತೇಲಿಕೊಂಡು ಏನೋ ಅಗಿದು, ಬೆನ್ನು ಬಗ್ಗಿಸಿ ಮುಳುಗಿತು. ಅರ್ಧ ನಿಮಿಷ ಬಿಟ್ಟು ಇನ್ನೊಂದು ಕಡೆ ಎದ್ದಿತು. ಮತ್ತೆ ಅಗಿತ, ಮತ್ತೆ ಮುಳುಗು. ಅಷ್ಟೇ. ಅದಕ್ಕೆ ಬೇರೆ ಕೆಲಸವೇ ಇಲ್ಲ ಅನ್ನುವ ಹಾಗೆ.

ಅಲ್ಲಿ ನಿಂತು ನೋಡುವಾಗ ಅದರಲ್ಲಿ ಬಾತುಕೋಳಿಯೂ ಕಾಣಲಿಲ್ಲ, ಬೀವರೂ ಕಾಣಲಿಲ್ಲ. ಆ ನೀರಿಗೆ ಅಂತಲೇ ಆದ ಒಂದು ಇಡೀ ಪ್ರಾಣಿ ಕಂಡಿತು. ಹಾಗಾದರೆ ಚೂರು ಚೂರು ಜೋಡಿಸಿದ್ದು ಅನ್ನುವ ಮಾತು ಎಲ್ಲಿಂದ ಬಂತು? ಒಣಗಿದ ತೊಗಲಿನಿಂದ ಬಂತು.

1797ರಲ್ಲಿ ಸಿಡ್ನಿ ಹತ್ತಿರದ ಹಾಕ್ಸ್‌ಬರಿ ನದಿಯ ಕಡೆ ಒಬ್ಬ ಮೂಲನಿವಾಸಿ ಈಟಿ ಹಿಡಿದು ಕಾದು ಕುಳಿತಿದ್ದ. ಪ್ರಾಣಿ ಉಸಿರಿಗೆ ಮೇಲೆದ್ದಾಗಲೇ ಹೊಡೆಯಬೇಕು. ಆ ಕಾಲದ ಗವರ್ನರ್ ಜಾನ್ ಹಂಟರ್ ಅದನ್ನು ನೋಡಿದ. ಮರುವರ್ಷ ಒಂದು ತೊಗಲನ್ನೂ ಒಂದು ಚಿತ್ರವನ್ನೂ ಇಂಗ್ಲೆಂಡಿಗೆ ಕಳಿಸಿದ. 1799ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಶಾ ಅದರ ಮೊದಲ ವಿವರಣೆ ಬರೆದ. ಇದು ನಿಜವೋ ಅಲ್ಲವೋ ಅಂತ ಅನುಮಾನ ಬರದೇ ಇರುವುದಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ.

ಅವನನ್ನು ಬೈಯಬೇಡಿ. ಕೋತಿಯ ಮೇಲರ್ಧಕ್ಕೆ ಮೀನಿನ ಬಾಲ ಹೊಲಿದು ಮತ್ಸ್ಯಕನ್ಯೆ ಅಂತ ನಾವಿಕರಿಗೆ ಮಾರುವ ಕುಶಲಿಗಳು ಪೂರ್ವದ ಸಮುದ್ರಗಳಲ್ಲಿ ಇದ್ದ ಕಾಲ ಅದು. ಹಡಗಿನಲ್ಲಿ ಬಂದ ವಿಚಿತ್ರವನ್ನೆಲ್ಲ ನಂಬಿದರೆ ಮ್ಯೂಸಿಯಂ ನಡೆಸಲು ಆಗುತ್ತಾ? ಕೊಕ್ಕು ಮತ್ತು ತೊಗಲು ಕೂಡುವ ಜಾಗದಲ್ಲಿ ಹೊಲಿಗೆ ಇದೆಯೇನೋ ಅಂತ ಕತ್ತರಿ ಹಾಕಿ ನೋಡಿದರಂತೆ. ಹೊಲಿಗೆ ಸಿಗಲಿಲ್ಲ. ಆದರೆ ಹೊಲಿಗೆ ಹುಡುಕುವ ಅಭ್ಯಾಸ ಮಾತ್ರ ಅಲ್ಲಿಂದ ಇಲ್ಲಿಯವರೆಗೆ, ನನ್ನ ಬೋರ್ಡಿನವರೆಗೆ ಬಂತು.

ಹೆಸರಿನದ್ದೂ ಒಂದು ಫಜೀತಿ. ಶಾ ಇಟ್ಟ ಪ್ಲಾಟಿಪಸ್ ಅನ್ನುವ ಹೆಸರಿಗೆ ಚಪ್ಪಟೆ ಪಾದ ಅಂತ ಅರ್ಥ. ಆ ಹೆಸರನ್ನು ಅದಕ್ಕೂ ಮೊದಲೇ ಒಂದು ಜಾತಿಯ ದುಂಬಿಗೆ ಇಟ್ಟುಬಿಟ್ಟಿದ್ದರು. ಹಾಗಾಗಿ ವಿಜ್ಞಾನದ ಹೆಸರು ಆರ್ನಿಥೋರಿಂಕಸ್ ಅನಟೈನಸ್ ಅಂತಾಯಿತು. ಹಕ್ಕಿ ಮೂತಿಯ, ಬಾತುಕೋಳಿಯಂಥದ್ದು ಅಂತ. ನೋಡಿ, ಒಂದೇ ಹೆಸರಲ್ಲಿ ಎರಡು ಸಲ ಹಕ್ಕಿ.

ಈಗ ಆ ಕೊಕ್ಕಿಗೆ ಬರುತ್ತೇನೆ, ಯಾಕೆಂದರೆ ಎಲ್ಲ ಅಲ್ಲೇ ಇದೆ. ಲಂಡನ್ನಿಗೆ ಹೋಗಿ ಮುಟ್ಟಿದ್ದು ಒಣಗಿ ಗಟ್ಟಿಯಾದ ಕೊಕ್ಕು. ಬದುಕಿರುವ ಪ್ರಾಣಿಯಲ್ಲಿ ಅದು ಗಟ್ಟಿ ಅಲ್ಲ, ಕೊಕ್ಕೇ ಅಲ್ಲ. ಮೆತ್ತಗೆ, ತೇವವಾಗಿ, ರಬ್ಬರಿನ ಹಾಗೆ ಬಾಗುವ ಚರ್ಮ. ಆ ಚರ್ಮದಲ್ಲಿ ಸುಮಾರು 40,000 ಸೂಕ್ಷ್ಮ ಗ್ರಾಹಕಗಳು ವಿದ್ಯುತ್ತನ್ನು ಗುರುತಿಸುತ್ತವೆ. ಇನ್ನೊಂದು 60,000ದಷ್ಟು ಸ್ಪರ್ಶವನ್ನು, ನೀರಿನ ಅಲುಗಾಟವನ್ನು ಗುರುತಿಸುತ್ತವೆ. ಬಾಯಿ ಅನ್ನುವುದಕ್ಕಿಂತ ಅದನ್ನು ಕಣ್ಣು ಅನ್ನುವುದೇ ಸರಿ.

ಯಾಕೆಂದರೆ ಮುಳುಗಿದ ತಕ್ಷಣ ಅದು ನಿಜವಾದ ಕಣ್ಣನ್ನು ಮುಚ್ಚಿಕೊಳ್ಳುತ್ತದೆ. ಕಣ್ಣು, ಕಿವಿ ಎರಡೂ ಒಂದೇ ಗೀರಿನಂಥ ಕುಳಿಯಲ್ಲಿವೆ. ಕುಳಿ ಮುಚ್ಚಿದರೆ ಎರಡೂ ಬಂದ್. ಮೂಗಿನ ಹೊಳ್ಳೆಯೂ ಬಂದ್. ಕುರುಡಾಗಿ, ಕಿವುಡಾಗಿ, ವಾಸನೆ ಇಲ್ಲದೆ, ಎಷ್ಟೋ ಸಲ ಕತ್ತಲಲ್ಲಿ, ಕದಡಿದ ನೀರಿನ ತಳದಲ್ಲಿ ಅದು ಊಟ ಹುಡುಕುತ್ತದೆ. ಹೇಗೆ?

ಯಾವ ಜೀವಿಯ ಸ್ನಾಯು ಅಲುಗಿದರೂ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ನಿಮ್ಮ ಎದೆಗೆ ವೈರ್ ಅಂಟಿಸಿ ಇಸಿಜಿ ತೆಗೆಯುವುದು ಅದೇ ಕಾರಣಕ್ಕೆ. ಕಲ್ಲಿನ ಕೆಳಗೆ ಸಿಗಡಿ ಬಾಲ ಹೊಡೆದರೆ ನೀರಿನಲ್ಲಿ ಒಂದು ಸಣ್ಣ ಮಿಡಿತ ಹರಡುತ್ತದೆ. ಪ್ಲಾಟಿಪಸ್ ತಲೆಯನ್ನು ಎಡಕ್ಕೆ ಬಲಕ್ಕೆ ಬೀಸುತ್ತಾ ಈಜುತ್ತದೆ, ಮೈನ್ ಹುಡುಕುವ ಸೈನಿಕ ಯಂತ್ರ ಬೀಸಿದ ಹಾಗೆ. ಮಿಡಿತ ಯಾವ ಕಡೆಯಿಂದ ಬಂತು ಅಂತ ಕೊಕ್ಕಿಗೆ ತಿಳಿಯುತ್ತದೆ.

ಇದು ತಿಳಿದದ್ದು 1986ರಲ್ಲಿ. ಜರ್ಮನಿಯ ಹೆನಿಂಗ್ ಶೈಶ್ ಮತ್ತು ಸಂಗಡಿಗರು ನೀರಿನೊಳಗೆ ಬ್ಯಾಟರಿ ಇಟ್ಟು ನೋಡಿದರು. ನಮ್ಮ ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನದು. ಚಾರ್ಜ್ ಇದ್ದದ್ದನ್ನು ಪ್ಲಾಟಿಪಸ್ ಹುಡುಕಿಕೊಂಡು ಹೋಯಿತು. ಸತ್ತ ಬ್ಯಾಟರಿ ಅದಕ್ಕೆ ಬೇಡ. ಸುಮ್ನೆ ಯೋಚಿಸಿ, ವಿಜ್ಞಾನಿಗಳು ಈ ಪ್ರಾಣಿಯನ್ನು ಕುಯ್ದು ನೋಡಲು ಶುರು ಮಾಡಿ ಸುಮಾರು 190 ವರ್ಷ ಆಗಿತ್ತು. ಅಷ್ಟೂ ಕಾಲ ಎಲ್ಲರೂ ನಕ್ಕದ್ದು ಅದೇ ಕೊಕ್ಕನ್ನು ನೋಡಿ.

ಇನ್ನು ಅದರ ದಿನಚರಿ. ಹಗಲೆಲ್ಲ ಹೆಚ್ಚಾಗಿ ದಂಡೆಯ ಬಿಲದಲ್ಲಿ ನಿದ್ದೆ. ಕತ್ತಲಾದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಹೊಟ್ಟೆಪಾಡು. ನೀರುಹುಳಗಳ ಮರಿಗಳು, ಎರೆಹುಳ, ಸಿಗಡಿ, ಯಾಬಿ ಅನ್ನುವ ಸಿಹಿನೀರಿನ ದೊಡ್ಡ ಕೊಂಡಿಯ ಪ್ರಾಣಿ ಇವೇ ಊಟ. ದಿನಕ್ಕೆ ತನ್ನ ತೂಕದ ಐದನೇ ಒಂದು ಭಾಗದಷ್ಟು ತಿನ್ನಬೇಕು. ಐವತ್ತು ಕಿಲೋ ಇರುವವರು ದಿನಾ ಹತ್ತು ಕಿಲೋ ತಿಂದ ಹಾಗೆ. ಮುಳುಗಿದಾಗ ಸಿಕ್ಕಿದ್ದನ್ನೆಲ್ಲ ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಮೇಲೆ ಬಂದು ಅಗಿಯುತ್ತದೆ. ಹಲ್ಲಿಲ್ಲ. ಮರಿಗಿದ್ದ ಹಲ್ಲು ಬಿಲ ಬಿಡುವ ಹೊತ್ತಿಗೇ ಉದುರಿಹೋಗುತ್ತವೆ. ಆಮೇಲೆ ಒರಟು ಒಸಡಿನ ಮೇಲೆಯೇ ಅರೆಯುವುದು, ನಮ್ಮ ಮನೆ ಅಜ್ಜಿಯರು ಎಲೆಅಡಿಕೆ ಅರೆದ ಹಾಗೆ.

ನುಂಗಿದ ಮೇಲೆ ಇನ್ನೊಂದು ಆಶ್ಚರ್ಯ. ಅದಕ್ಕೆ ನಮ್ಮ ಹಾಗೆ ಜಠರವೇ ಇಲ್ಲ. ಗಂಟಲ ಕೊಳವೆ ನೇರ ಕರುಳಿಗೆ ಸೇರುತ್ತದೆ. 2008ರಲ್ಲಿ ಅದರ ಪೂರ್ತಿ ಜೀನೋಮ್ ಓದಿದಾಗ ಜಠರದ ಆಮ್ಲ, ಪೆಪ್ಸಿನ್ ಮಾಡುವ ಜೀನ್‌ಗಳೇ ಕಳೆದುಹೋಗಿರುವುದು ಕಂಡಿತು. ಗ್ಯಾಸ್ಟ್ರಿಕ್ ಅಂತ ಗೋಳಾಡುವ ನಮಗೆ ಹೊಟ್ಟೆಕಿಚ್ಚಾಗುವ ಸಂಗತಿ.

ಈಜುವುದು ಮುಂಗಾಲಿನಿಂದ ಮಾತ್ರ. ಹಿಂಗಾಲು, ಬಾಲ ದಿಕ್ಕು ತಿರುಗಿಸುವುದಕ್ಕೆ. ಮುಂಗಾಲಿನ ಜಾಲಪೊರೆ ಉಗುರನ್ನೂ ದಾಟಿ ಹರಡಿಕೊಂಡಿದೆ, ದೋಣಿಯ ಹುಟ್ಟಿನ ಹಾಗೆ. ನೆಲದ ಮೇಲೆ ಬಂದರೆ ಆ ಪೊರೆಯನ್ನು ಒಳಗೆ ಮಡಚಿ ಗೆಣ್ಣಿನ ಮೇಲೆ ನಡೆಯುತ್ತದೆ. ಬಿಲ ತೋಡುವಾಗ ಉಗುರು ಹೊರಗೆ. ಹೀಗೆ ಮಡಚುವ ಪಾದವನ್ನು ಚಪ್ಪಟೆ ಪಾದ ಅಂತ ಕರೆದರಲ್ಲ! ಬಾಲವೂ ಬೀವರಿನದಲ್ಲ. ಬೀವರಿನ ಬಾಲಕ್ಕೆ ಹುರುಪೆಯಿದೆ, ಇದಕ್ಕೆ ಕೂದಲಿದೆ. ಒಳಗೆ ಕೊಬ್ಬಿನ ಉಗ್ರಾಣ. ಊಟ ಕಡಿಮೆಯಾದ ದಿನಗಳಿಗೆ ಅಂತ ಕೂಡಿಟ್ಟದ್ದು.

ಈಗ ಮೊಟ್ಟೆ. ಒಂದು ಮಾರ್ಕಿನ ಪ್ರಶ್ನೆ. ಯುರೋಪಿನ ದೊಡ್ಡ ದೊಡ್ಡ ತಲೆಗಳು ಇದರ ಮೇಲೆ ಸುಮಾರು 85 ವರ್ಷ ಜಗಳ ಮಾಡಿವೆ.

ಫ್ರಾನ್ಸಿನ ಜೋಫ್ರುವಾ ಸೇಂಟ್ ಹಿಲೇರ್ ಇದು ಮೊಟ್ಟೆ ಇಡುವುದೇ, ಹಾಗಾಗಿ ಸಸ್ತನಿ ಅಲ್ಲ ಅಂದ. ಜರ್ಮನಿಯ ಮೆಕೆಲ್ ಹಾಲಿನ ಗ್ರಂಥಿ ಇದೆ ಅಂತ 1820ರ ದಶಕದಲ್ಲಿ ತೋರಿಸಿದ. ಇಂಗ್ಲೆಂಡಿನ ರಿಚರ್ಡ್ ಓವನ್ ಮೊಟ್ಟೆ ಹೊಟ್ಟೆಯೊಳಗೇ ಒಡೆದು ಮರಿ ಹೊರಗೆ ಬರುತ್ತದೆ ಅಂತ ಹಟ ಹಿಡಿದ. ಮೊಟ್ಟೆ ಇಟ್ಟರೆ ಹಾಲು ಇರಬಾರದು, ಹಾಲು ಇದ್ದರೆ ಮೊಟ್ಟೆ ಇರಬಾರದು ಅನ್ನುವುದು ಎಲ್ಲರ ಗಂಟು. ಪ್ರಾಣಿಯನ್ನು ಯಾರೂ ಕೇಳಲಿಲ್ಲ ಬಿಡಿ. ಪ್ರಾಣಿಯ ಜೊತೆ ಸಾವಿರಾರು ವರ್ಷ ಬದುಕಿದವರನ್ನು ಕೇಳಿದರು, ಕೇಳಿ ನಂಬಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

1820ರ ದಶಕದಲ್ಲೇ ಕುಕೂಗಾಂಗ್ ಎಂಬ ಮೂಲನಿವಾಸಿ ಮುಖಂಡ, ಇದು ಎರಡು ಮೊಟ್ಟೆ ಇಡುತ್ತದೆ ಅಂತ ಬಿಳಿಯರಿಗೆ ಹೇಳಿದ್ದ. ಹತ್ತು ವರ್ಷದ ನಂತರ ಜಾರ್ಜ್ ಬೆನೆಟ್ ಅನ್ನುವ ವೈದ್ಯ ನ್ಯೂ ಸೌತ್ ವೇಲ್ಸ್‌ನ ನದಿಗಳಲ್ಲಿ ಬಿಲ ಅಗೆಸುತ್ತಾ ಓಡಾಡಿದ. ಅವನಿಗೂ ಮೊಟ್ಟೆಯ ಮಾತು ಹೇಳಿದರು. ಇವರು ಏನೋ ಗೊಂದಲ ಮಾಡಿಕೊಂಡಿದ್ದಾರೆ ಅಂತ ಅವನು ಬದಿಗಿಟ್ಟ.

ಅಲ್ಲಿನ ಜನರ ಒಂದು ಕತೆಯೇ ಇದೆ. ಒಂದು ಹೆಣ್ಣು ಬಾತು ಹಿರಿಯರ ಮಾತು ಕೇಳದೆ ಒಬ್ಬಳೇ ದೂರ ಈಜಿ ಹೋದಳು. ನೀರಿಲಿ ಅವಳನ್ನು ಹಿಡಿದು ತನ್ನ ಬಿಲದಲ್ಲಿ ಇಟ್ಟುಕೊಂಡಿತು. ತಪ್ಪಿಸಿಕೊಂಡು ಬಂದ ಅವಳು ಮೊಟ್ಟೆ ಇಟ್ಟಳು. ಒಡೆದು ಬಂದ ಮರಿಗಳಿಗೆ ಕೊಕ್ಕು, ಜಾಲಪಾದ ಅಮ್ಮನದು. ನಾಲ್ಕು ಕಾಲು, ತುಪ್ಪಳ ಅಪ್ಪನದು. ಕುಲದವರು ಸೇರಿಸಿಕೊಳ್ಳಲಿಲ್ಲ, ಅವಳು ಮಕ್ಕಳನ್ನು ಕರೆದುಕೊಂಡು ಬೆಟ್ಟದ ಹೊಳೆಗೆ ಹೋದಳು. ಇವರೂ ಬಾತುಕೋಳಿ ಅಂತಲೇ ಅಂದರಲ್ಲ ಅಂತ ನೀವು ಕೇಳಬಹುದು. ನಿಜ. ಆದರೆ ಕತೆಯೊಳಗೆ ಮೊಟ್ಟೆ ಸಲೀಸಾಗಿ ಕುಳಿತಿದೆ ನೋಡಿ. ಅದು ಜಗಳದ ವಿಷಯವೇ ಅಲ್ಲ.

ಕೊನೆಗೆ 1883ರಲ್ಲಿ ಕೇಂಬ್ರಿಡ್ಜಿನಿಂದ ವಿಲಿಯಂ ಕಾಲ್ಡ್‌ವೆಲ್ ಅನ್ನುವ ಯುವಕ ಬಂದ. ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯ ದಂಡೆಯಲ್ಲಿ ಡೇರೆ ಹಾಕಿದ. ಮೂಲನಿವಾಸಿಗಳ ದೊಡ್ಡ ಗುಂಪನ್ನೇ ಕೆಲಸಕ್ಕೆ ಇಟ್ಟುಕೊಂಡ. ಪ್ಲಾಟಿಪಸ್‌ನ ಬಂಧು, ಎಕಿಡ್ನಾ ಅನ್ನುವ ಮುಳ್ಳುಮೈಯ ಪ್ರಾಣಿಯನ್ನು ತಂದುಕೊಟ್ಟರೆ ಇಷ್ಟು ಅಂತ ದುಡ್ಡು ಕೊಟ್ಟ. ಪ್ರಾಣಿ ಜಾಸ್ತಿ ಬಂದ ಹಾಗೆ ತಾನು ಮಾರುವ ಹಿಟ್ಟು, ಟೀ, ಸಕ್ಕರೆ ಬೆಲೆಯನ್ನೂ ಏರಿಸುತ್ತಾ ಹೋದ. ಅವರು ಹಸಿದೇ ಇರಬೇಕು, ಕೆಲಸ ನಿಲ್ಲಿಸಬಾರದು ಅಂತ. ಇದನ್ನು ಅವನೇ ಸಂಕೋಚವಿಲ್ಲದೆ ಬರೆದಿದ್ದಾನೆ. ಎಷ್ಟು ಪ್ರಾಣಿ ಸತ್ತವೋ. 1884ರ ಆಗಸ್ಟ್‌ನಲ್ಲಿ ಒಂದು ಹೆಣ್ಣು ಪ್ಲಾಟಿಪಸ್‌ಗೆ ಗುಂಡು ಹೊಡೆದ. ಆಗತಾನೆ ಒಂದು ಮೊಟ್ಟೆ ಇಟ್ಟಿತ್ತು, ಇನ್ನೊಂದು ಹೊಟ್ಟೆಯಲ್ಲೇ ಇತ್ತು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಬ್ರಿಟಿಷ್ ವಿಜ್ಞಾನಿಗಳ ಸಭೆ ನಡೆಯುತ್ತಿತ್ತು. ತಂತಿ ಹೋಯಿತು, ಬರೀ ನಾಲ್ಕು ಪದ. ಇವು ಮೊಟ್ಟೆ ಇಡುತ್ತವೆ, ಮೊಟ್ಟೆ ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಯ ಹಾಗೆ ಬೆಳೆಯುತ್ತದೆ ಅನ್ನುವುದು ಅದರ ತಾತ್ಪರ್ಯ. ತಮಾಷೆ ಏನು ಗೊತ್ತಾ? ಆ ತಂತಿಯನ್ನು ಸಭೆಯಲ್ಲಿ ಓದಿದ ದಿನ, ಸೆಪ್ಟೆಂಬರ್ 2ರಂದೇ, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ವಿಲ್‌ಹೆಲ್ಮ್ ಹಾಕೆ ಅನ್ನುವವರು ಎಕಿಡ್ನಾದ ಮೊಟ್ಟೆಯ ಚಿಪ್ಪನ್ನು ಸಭೆಯ ಮುಂದೆ ಇಟ್ಟರು. ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ.

ಇಷ್ಟೆಲ್ಲ ರಂಪ ಮಾಡಿದ ಮೊಟ್ಟೆ ಎಷ್ಟಿದೆ? ಒಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ದೊಡ್ಡ ನೇರಳೆಹಣ್ಣಿನ ಬೀಜದಷ್ಟು ಅನ್ನಿ. ಕೋಳಿಮೊಟ್ಟೆಯ ಹಾಗೆ ಗಟ್ಟಿ ಸಿಪ್ಪೆ ಅಲ್ಲ, ಮೆತ್ತನೆ ತೊಗಲು. ಸಾಮಾನ್ಯವಾಗಿ ಎರಡು, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹೆಣ್ಣು ಅದಕ್ಕಾಗಿ ಬೇರೆಯದೇ ಬಿಲ ತೋಡುತ್ತದೆ. ಇಪ್ಪತ್ತು ಮೀಟರ್‌ವರೆಗೂ ಹೋಗುವುದುಂಟು. ಒದ್ದೆ ಎಲೆಗಳನ್ನು ಬಾಲದ ಕೆಳಗೆ ಮಡಚಿ ಹಿಡಿದು, ಹಿಂದೆ ಸೆರಗಲ್ಲಿ ಸೊಪ್ಪು ಕಟ್ಟಿಕೊಂಡು ಬರುತ್ತಿದ್ದರಲ್ಲ ಹಾಗೆ, ಒಳಗೆ ಒಯ್ಯುತ್ತದೆ. ಎಲೆ ಒದ್ದೆ ಇದ್ದರೆ ಮೊಟ್ಟೆ ಒಣಗುವುದಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಮಣ್ಣಿನ ಬಿರಡೆ ಹಾಕಿ ಬಿಲ ಮುಚ್ಚಿಕೊಳ್ಳುತ್ತದೆ. ಬಾಲವನ್ನು ಹೊಟ್ಟೆಗೆ ಒತ್ತಿ, ನಡುವೆ ಮೊಟ್ಟೆ ಇಟ್ಟುಕೊಂಡು ಸುಮಾರು ಹತ್ತು ದಿನ ಕಾವು. ಗಂಡು ಅಷ್ಟು ಹೊತ್ತಿಗೆ ಎಲ್ಲೋ. ಸಂಸಾರದಲ್ಲಿ ಅದಕ್ಕೆ ಪಾಲಿಲ್ಲ.

ಮರಿ ಹೊರಬಂದಾಗ ಎರಡು ಸೆಂಟಿಮೀಟರೂ ಇಲ್ಲ. ಕೂದಲಿಲ್ಲ, ಕಣ್ಣು ತೆರೆದಿಲ್ಲ. ಅಮ್ಮನಿಗೆ ಮೊಲೆತೊಟ್ಟೂ ಇಲ್ಲ. ಹೊಟ್ಟೆಯ ಎರಡು ಕಡೆ ಚರ್ಮದಿಂದ ಹಾಲು ಒಸರುತ್ತದೆ, ಕೂದಲಿಗೆ ಇಳಿಯುತ್ತದೆ, ಮರಿ ಅಲ್ಲಿಂದ ಹೀರುತ್ತದೆ. ಮಣ್ಣಿನ ಬಿಲದಲ್ಲಿ ತೆರೆದಿಟ್ಟ ಹಾಲು ಕೆಡುವುದಿಲ್ವಾ? ಅದಕ್ಕೂ ವ್ಯವಸ್ಥೆ ಇದೆ. ಆ ಹಾಲಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಒಂದು ಪ್ರೋಟೀನ್ ಇದೆ. 2018ರಲ್ಲಿ ಆಸ್ಟ್ರೇಲಿಯಾದವರು ಅದರ ಆಕಾರ ಬಿಡಿಸಿ ನೋಡಿದರು. ಹಾಗೆ ಮಡಚಿಕೊಂಡ ಆಕಾರ ಬೇರೆ ಯಾವ ಪ್ರೋಟೀನಿನಲ್ಲೂ ಕಂಡಿರಲಿಲ್ಲ. ಮೂರು ನಾಲ್ಕು ತಿಂಗಳು ಈ ಹಾಲೇ. ಆಮೇಲೆ ಮರಿ ಬಿಲದಿಂದ ನೀರಿಗೆ ಬರುತ್ತದೆ.

ಮೊಟ್ಟೆ ಇಡುವುದು ವಿಚಿತ್ರ ಅಂತ ನಾವು ಅನ್ನುತ್ತೇವೆ. ಹಾಗೆ ನೋಡಿದರೆ ಮೊಟ್ಟೆ ಇಡುವುದೇ ಹಳೆಯ ಪದ್ಧತಿ. ಎಲ್ಲ ಸಸ್ತನಿಗಳ ಪೂರ್ವಜರೂ ಇಡುತ್ತಿದ್ದರು. ಇವುಗಳ ವಂಶ ನಮ್ಮದರಿಂದ ಬೇರೆಯಾಗಿ 16 ಕೋಟಿ ವರ್ಷಕ್ಕೂ ಮೇಲಾಯಿತು. ನಾವು ಬಿಟ್ಟೆವು, ಅವು ಬಿಡಲಿಲ್ಲ. ಹಾಗಂತ ಅದನ್ನು ಹಳೇ ಕಾಲದ ಅರೆಬೆಂದ ಪ್ರಾಣಿ ಅನ್ನುವ ಹಾಗೂ ಇಲ್ಲ. ವಿದ್ಯುತ್ತಿನಿಂದ ಬೇಟೆಯಾಡುವುದು ಹಳೇ ಕಾಲದ್ದಾ? ಇವತ್ತು ಈ ಗುಂಪಿನಲ್ಲಿ ಉಳಿದಿರುವುದು ಪ್ಲಾಟಿಪಸ್ ಮತ್ತು ನಾಲ್ಕು ಜಾತಿಯ ಎಕಿಡ್ನಾ, ಅಷ್ಟೇ. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದಲ್ಲಿ ಸುಮಾರು 6 ಕೋಟಿ ವರ್ಷ ಹಳೆಯ ಪ್ಲಾಟಿಪಸ್ ಬಂಧುವಿನ ಹಲ್ಲು ಸಿಕ್ಕಿದೆ. ಆಗ ಆ ಭೂಮಿ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಕೂಡಿಕೊಂಡೇ ಇದ್ದವು.

ಗಂಡಿಗೆ ಹಿಂಗಾಲಿನಲ್ಲಿ ಒಂದು ಮುಳ್ಳಿದೆ. ಹುಂಜದ ಕಾಲಿನ ಮುಳ್ಳಿನ ಹಾಗೆ, ಆದರೆ ಟೊಳ್ಳು, ಒಳಗೆ ವಿಷ. ತೊಡೆಯ ಗ್ರಂಥಿಯಿಂದ ಬರುತ್ತದೆ. ಬೆದೆಯ ಕಾಲದಲ್ಲಿ ವಿಷ ಹೆಚ್ಚುತ್ತದೆ, ಅಂದರೆ ಗಂಡು ಗಂಡುಗಳ ಜಗಳಕ್ಕೆ. ಮನುಷ್ಯ ಇದರಿಂದ ಸತ್ತ ದಾಖಲೆ ಇಲ್ಲ. ಸಾಯಬಾರದೇ ಅನ್ನಿಸುವ ನೋವು ಮಾತ್ರ ಖಂಡಿತ. 1990ರ ದಶಕದ ಆರಂಭದಲ್ಲಿ ಚುಚ್ಚಿಸಿಕೊಂಡ ಒಬ್ಬರಿಗೆ ಮಾರ್ಫಿನ್ ಕೊಟ್ಟರೂ ನೋವು ಬಗ್ಗಲಿಲ್ಲ. ಕೈಯ ನರಕ್ಕೇ ಮರಗಟ್ಟುವ ಇಂಜೆಕ್ಷನ್ ಕೊಡಬೇಕಾಯಿತು. ಬಾವು, ನೋವು ವಾರಗಟ್ಟಲೆ ಉಳಿಯಿತು. ಮುದ್ದಾಗಿದೆ ಅಂತ ಎತ್ತಿಕೊಳ್ಳಬೇಡಿ.

ಅದೇ ವಿಷದಲ್ಲಿ 2016ರಲ್ಲಿ ಅಡಿಲೇಡಿನ ವಿಜ್ಞಾನಿಗಳು ಜಿಎಲ್‌ಪಿ-1 ಅನ್ನುವ ಹಾರ್ಮೋನನ್ನು ಕಂಡರು. ಇಲ್ಲಿ ಶುಗರ್ ಇರುವವರು ಅರ್ಧ ಜನ ಇದ್ದೀರಿ, ಕೇಳಿ. ಊಟವಾದ ಮೇಲೆ ಇನ್ಸುಲಿನ್ ಬಿಡಿಸುವ ಹಾರ್ಮೋನು ಅದು. ನಮ್ಮ ಮೈಯಲ್ಲಿ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಪ್ಲಾಟಿಪಸ್‌ನದು ಅಷ್ಟು ಬೇಗ ಕರಗುವುದಿಲ್ಲ. ಔಷಧ ಅಂಗಡಿಗೆ ಓಡಬೇಡಿ, ಅದು ಪ್ರಯೋಗಾಲಯದ ಮಾತು.

ಇನ್ನೂ ಎರಡು ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಲಿಂಗ ನಿರ್ಧರಿಸುವ ವರ್ಣತಂತು ಒಂದು ಜೊತೆ, ಅದಕ್ಕೆ ಐದು ಜೊತೆ, ಒಟ್ಟು ಹತ್ತು. 2020ರಲ್ಲಿ ಮ್ಯೂಸಿಯಮ್ಮಿನ ತೊಗಲಿನ ಮೇಲೆ ನೇರಳಾತೀತ ಬೆಳಕು ಬಿಟ್ಟಾಗ ನೀಲಿ ಹಸಿರಾಗಿ ಹೊಳೆಯಿತು. ಈ ಹೊಳಪಿನ ಸುದ್ದಿಯೇ ವಾಟ್ಸಾಪಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಓಡಾಡಿತು. ನನಗೇನೋ ಅದು ಅಷ್ಟು ದೊಡ್ಡದು ಅನ್ನಿಸಿಲ್ಲ. ಹೊಳೆದು ಏನು ಪ್ರಯೋಜನ, ಕಣ್ಣು ಮುಚ್ಚಿ ಈಜುವ ಪ್ರಾಣಿಗೆ?

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಅವನ್ನೂ ಬರೆಯುತ್ತೇನೆ.

ಏಳನೇ ಕ್ಲಾಸಿನ ಹುಡುಗನೊಬ್ಬ ಎದ್ದು, "ಸರ್, ಮೈಸೂರು ಝೂಗೆ ಒಂದು ತರಿಸಬಹುದಲ್ವಾ?" ಅಂದ.

ಮರಿ, ಅದನ್ನು ಚರ್ಚಿಲ್ಲೇ ಕೇಳಿದ್ದ. 1943, ಮಹಾಯುದ್ಧದ ನಡುವೆ. ಇಂಗ್ಲೆಂಡಿನ ಪ್ರಧಾನಿಗೆ ಆರು ಪ್ಲಾಟಿಪಸ್ ಬೇಕು ಅಂತ ಆಸ್ಟ್ರೇಲಿಯಾಕ್ಕೆ ಕೋರಿಕೆ ಬಂತು. ಹೀಲ್ಸ್‌ವಿಲ್ ಅನ್ನುವ ಕಡೆ ಡೇವಿಡ್ ಫ್ಲೇ ಅಂತ ಪ್ರಾಣಿತಜ್ಞ ಇದ್ದ. ಆರು ಆಗುವುದಿಲ್ಲ, ಒಂದು ನೋಡೋಣ ಅಂದ. ಅದಕ್ಕೆ ವಿನ್‌ಸ್ಟನ್ ಅಂತಲೇ ಹೆಸರಿಟ್ಟು, ಹಡಗಿನಲ್ಲಿ ಕೃತಕ ಬಿಲ, ನೀರಿನ ತೊಟ್ಟಿ, ಎರೆಹುಳ ಎಲ್ಲ ಹೊಂದಿಸಿ ಗುಟ್ಟಾಗಿ ಕಳಿಸಿದರು. ಇಂಗ್ಲೆಂಡ್ ಇನ್ನು ಕೆಲವೇ ದಿನ ಇದೆ ಅನ್ನುವಾಗ ಅದು ಸತ್ತಿತು. ಜರ್ಮನ್ ಜಲಾಂತರ್ಗಾಮಿ ಬಂತು, ಸಿಡಿಮದ್ದಿನ ಸದ್ದಿಗೆ ಸತ್ತಿತು ಅಂತ ಬಹಳ ಕಾಲ ಹೇಳುತ್ತಿದ್ದರು. 2025ರಲ್ಲಿ ಹಡಗಿನ ದಿನಚರಿ ತೆಗೆದು ನೋಡಿದವರಿಗೆ ಸಿಕ್ಕಿದ್ದೇ ಬೇರೆ. ಸಮಭಾಜಕ ದಾಟುವಾಗ ಸುಮಾರು ಒಂದು ವಾರ ಶಾಖ 27 ಡಿಗ್ರಿ ಮೀರಿತ್ತು. ಪ್ಲಾಟಿಪಸ್‌ನ ಮೈಶಾಖ 32 ಡಿಗ್ರಿ, ದಟ್ಟ ತುಪ್ಪಳ, ತಣ್ಣೀರಿನ ಜೀವ. ಸೆಕೆಗೆ ಸತ್ತಿತು. ನಮ್ಮ ಏಪ್ರಿಲ್ ತಿಂಗಳನ್ನು ಯೋಚಿಸು.

1947ರಲ್ಲಿ ಫ್ಲೇ ಖುದ್ದು ಮೂರನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಝೂಗೆ ತಲುಪಿಸಿದ. ಒಂದು ಬೇಗನೆ ಸತ್ತಿತು. ಉಳಿದವು ಸೆಸಿಲ್, ಪೆನೆಲೊಪಿ. 1953ರಲ್ಲಿ ಪೆನೆಲೊಪಿ ಎಲೆ ಹೊತ್ತುಕೊಂಡು ಬಿಲ ಸೇರಿದಳು. ಝೂನವರಿಗೆ ಸಂಭ್ರಮ, ದಿನಾ ಎರಡು ಪಾಲು ಊಟ. ತಿಂಗಳುಗಳಾದ ಮೇಲೆ ಪತ್ರಕರ್ತರ ದಂಡನ್ನೇ ಕರೆದು ಬಿಲ ಅಗೆದರು. ಮರಿಯೂ ಇಲ್ಲ, ಏನೂ ಇಲ್ಲ. ಎರಡು ಪಾಲು ತಿಂದು ಮಲಗಿದ್ದಳು ಅಷ್ಟೇ. 1957ರಲ್ಲಿ ಒಂದು ರಾತ್ರಿ ಪೆನೆಲೊಪಿ ಝೂನಿಂದಲೇ ಮಾಯ. ಸಿಗಲೇ ಇಲ್ಲ. ವಾರಗಟ್ಟಲೆ ಹುಡುಕಿ ಕೈಬಿಟ್ಟ ಮರುದಿನ ಸೆಸಿಲ್ ಸತ್ತ. 1958ರಲ್ಲಿ ಅದೇ ಝೂಗೆ ಇನ್ನೂ ಮೂರು ಹೋದವು. ಆಮೇಲೆ 2019ರವರೆಗೆ ಆಸ್ಟ್ರೇಲಿಯಾದ ಹೊರಗಿನ ಯಾವ ಝೂಗೂ ಅವರು ಕೊಡಲಿಲ್ಲ. ಆ ವರ್ಷ ಅಮೆರಿಕದ ಸ್ಯಾನ್ ಡಿಯಾಗೋಗೆ ಎರಡನ್ನು ಕೊಟ್ಟರು.

ಹಿಂದಿನ ಸಾಲಿನಿಂದ ಒಬ್ಬರು, "ಅಳಿವಿನ ಅಂಚಿನಲ್ಲಿದೆಯಾ?" ಅಂತ ಕೇಳಿದರು.

ಅಂಚಿಗೆ ಬಂದಿಲ್ಲ, ಆ ಕಡೆಗೆ ಮುಖ ಮಾಡಿದೆ. ಹಿಂದೆ ತುಪ್ಪಳಕ್ಕಾಗಿ ಕೊಂದರು, ಕಂಬಳಿ ಹೊಲಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾನೂನು ಬಂದು ಅದು ನಿಂತಿತು. ಈಗಿನ ತೊಂದರೆ ಬೇರೆ. ಅಣೆಕಟ್ಟು ಕಟ್ಟಿದರೆ ಹಿಂದೆ ಆಳ ನೀರು, ತಳದಲ್ಲಿ ಊಟ ಕಡಿಮೆ. ಮುಂದೆ ನೀರು ಬಿಟ್ಟಾಗ ಹೊಳೆ, ಬಿಡದಾಗ ಬರೀ ಕಲ್ಲು. ಕಾವೇರಿ ದಂಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2019ರ ಕೊನೆಯ ಬರದಲ್ಲಿ ಕ್ಯಾನ್‌ಬೆರಾ ಪಕ್ಕದ ಟಿಡ್‌ಬಿನ್‌ಬಿಲ್ಲಾದ ಕೆರೆಗಳು ಬತ್ತುತ್ತಾ ಬಂದಾಗ, ಅಲ್ಲಿದ್ದ ಕೆಲವನ್ನು ಹಿಡಿದು ಸಿಡ್ನಿ ಝೂಗೆ ಸಾಗಿಸಬೇಕಾಯಿತು. ವಿಕ್ಟೋರಿಯಾ ರಾಜ್ಯದವರು 2021ರಲ್ಲಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು.

ಯಾಬಿ ಹಿಡಿಯಲು ಮುಚ್ಚಿದ ಬಲೆ ಹಾಕುತ್ತಾರೆ. ಸಿಡ್ನಿಯ ಒಪೆರಾ ಹೌಸಿನ ಆಕಾರ ಇರುವುದರಿಂದ ಅದೇ ಹೆಸರು. ಯಾಬಿಯ ಹಿಂದೆ ಪ್ಲಾಟಿಪಸ್ಸೂ ಒಳಗೆ ಹೋಗುತ್ತದೆ. ಯಾಬಿ ನೀರಲ್ಲೇ ಉಸಿರಾಡುತ್ತದೆ, ಇದು ಆಡುವುದಿಲ್ಲ. ಕೆಲವೇ ನಿಮಿಷ. ವಿಕ್ಟೋರಿಯಾದಲ್ಲಿ 2019ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ 2021ರಲ್ಲಿ ಆ ಬಲೆ ನಿಷೇಧವಾಯಿತು. ಒಳ್ಳೆಯ ಸುದ್ದಿಯೂ ಇದೆ. ಸಿಡ್ನಿ ದಕ್ಷಿಣದ ರಾಯಲ್ ನ್ಯಾಷನಲ್ ಪಾರ್ಕಿನಲ್ಲಿ 1970ರ ದಶಕದಿಂದ ಕಾಣೆಯಾಗಿದ್ದವು. 2023ರಲ್ಲಿ ಹತ್ತನ್ನು ತಂದು ಬಿಟ್ಟರು. ಮರುವರ್ಷ ಅಲ್ಲಿಯೇ ಹುಟ್ಟಿದ ಮರಿ ಸಿಕ್ಕಿತು.

ಆಮೇಲೆ ಕಸದ ಉಂಗುರಗಳು. ಬಾಟಲಿ ಮುಚ್ಚಳದ ಪ್ಲಾಸ್ಟಿಕ್ ಬಳೆ, ರಬ್ಬರ್ ಬ್ಯಾಂಡ್, ಜಡೆಗೆ ಹಾಕುವ ರಿಂಗು. ಮೂತಿಯಿಂದ ಹುಡುಕುವ ಪ್ರಾಣಿ, ಮೂತಿ ತೂರಿಸುತ್ತದೆ, ರಿಂಗು ಕುತ್ತಿಗೆಗೆ ಇಳಿಯುತ್ತದೆ. ಬಿಚ್ಚಲು ಕೈ ಎಲ್ಲಿದೆ? ಮೈ ಕೊಯ್ದುಕೊಂಡು ಸಾಯುತ್ತದೆ. ನನ್ನ ಮಗಳ ಮನೆಯಲ್ಲಿ ಕಸದ ಡಬ್ಬಿಯ ಪಕ್ಕ ಕತ್ತರಿ ನೇತುಹಾಕಿದ್ದಾರೆ. ಏನೇ ಉಂಗುರದ ಹಾಗಿದ್ದರೂ ಕತ್ತರಿಸಿಯೇ ಹಾಕಬೇಕು. ಮೊಮ್ಮಗಳು ನನ್ನನ್ನು ಎರಡು ಸಲ ಹಿಡಿದು ಬೈದಿದ್ದಾಳೆ.

ಕೊನೆಗೆ ಕನ್ನಡದ ಮೇಷ್ಟ್ರು ಒಬ್ಬರು ಎದ್ದರು. "ಇದಕ್ಕೊಂದು ಕನ್ನಡ ಹೆಸರು ಬೇಡವೇ? ಬಾತುಮೂತಿ ಅನ್ನಬಹುದು" ಅಂದರು. ಬೇಡ ಸರ್, ಇಷ್ಟೊತ್ತು ನಾನು ಬಡಕೊಂಡಿದ್ದೇ ಅದಕ್ಕೆ ಅಂದೆ. ಎಲ್ಲ ನಕ್ಕರು. ಚಪ್ಪಟೆಪಾದವೂ ಬೇಡ. ಹಾಗಾದರೆ ಅಲ್ಲಿನ ಮೂಲದವರು ಏನಂತಾರೆ ಅಂತ ಕೇಳಿದರು. ಒಂದೊಂದು ನದಿಯವರು ಒಂದೊಂದು ಹೆಸರು ಹೇಳುತ್ತಾರೆ. ಬೆನೆಟ್‌ಗೆ ಹೇಳಿದ್ದು ಮಲ್ಲಂಗಾಂಗ್ ಅಂತ.

ಮೇಷ್ಟ್ರು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು. "ಪರವಾಗಿಲ್ಲ, ನಾಲಿಗೆಗೆ ಹತ್ತುತ್ತೆ" ಅಂದು ಕುಳಿತರು. ಅಷ್ಟು ಹೊತ್ತಿಗೆ ನಾಣ್ಯವೂ ವಾಪಸ್ ಬಂತು.